ಅವ್ವನ ಮಡಿಯ ಮಣ್ಣು

ಮೂಗೂರು, ೧೯೦೬ನೇ ಇಸವಿ ಮೇ ೧೪

ಕಳಲೆಯ ಪುಟ್ಟಬಸವಯ್ಯನವರಿಗೆ ತಂಗಿ ಮಂಗಳಮ್ಮನ ಶರಣಾರ್ಥಿ.

ನಾವೆಲ್ಲ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಬರೆಯಹೋದರೆ ಕೈ ಓಡುತ್ತಿಲ್ಲ. ಮಠದ ಜಗಲಿಯಲ್ಲಿ ಐಗಳ ಮುಂದೆ ಒಂದೇ ಮರಳಿನಲ್ಲಿ ಅಕ್ಷರ ತಿದ್ದಿದವರು ನಾವು. ನೀನು ಬರೆದದ್ದನ್ನು ನಾನು ಒರೆಸುತ್ತಿದ್ದೆ, ನೀನು ನನ್ನ ತಲೆಗೆ ಮೊಟಕುತ್ತಿದ್ದೆ. ಅಂಥವನನ್ನು ನೀವು ಎನ್ನಲು ನನ್ನಿಂದ ಆಗುವುದಿಲ್ಲ. ನೀನು ಎಂದೇ ಬರೆಯುತ್ತೇನೆ, ಕೋಪ ಬಂದರೆ ಬರಲಿ.

ನಿಮ್ಮ ಊರ ಅಯ್ಯನವರು ಮೊನ್ನೆ ಇಲ್ಲಿಯ ಮಠಕ್ಕೆ ಬಂದಿದ್ದರು. ನೀನು ಬದನೆ ಹೊಲವನ್ನು ಎಂಟು ಮಡಿ ಮಾಡಿ, ಒಂದೊಂದು ಮಡಿಗೆ ಒಂದೊಂದು ಥರದ ಗೊಬ್ಬರ ಹಾಕಿ, ಯಾವುದರಲ್ಲಿ ಗಿಡ ಉಳಿಯುತ್ತದೆ ಎಂದು ನೋಡಲು ಹೊರಟಿದ್ದೀಯಂತೆ. ಊರವರು ನಗುತ್ತಿದ್ದಾರೆ ಎಂದರು. ನನಗೆ ನಗು ಬರಲಿಲ್ಲ. ಯಾಕೆ ಮಾಡುತ್ತಿದ್ದೀಯ ಎಂದು ನನಗೆ ಗೊತ್ತು.

ಅಪ್ಪನ ಹನ್ನೊಂದನೆಯ ದಿನದ ಊಟ ನಾನು ಮರೆತಿಲ್ಲ. ನಮ್ಮ ಮನೆಯವರು ಬದನೆಕಾಯಿ ಪಲ್ಯವನ್ನು ಎಲೆಯ ಪಕ್ಕಕ್ಕೆ ಸರಿಸಿ, ‘ನಿಮ್ ಮಣ್ಣು ಸತ್ತೋಗದೆ ಕಣಯ್ಯ, ಈ ಕಾಯ ನಮ್ ಕಡೆ ದನಾನೂ ಮೂಸಕ್ಕಿಲ್ಲ’ ಎಂದುಬಿಟ್ಟರು. ಸಾವಾದ ಮನೆಯಲ್ಲಿ ಆಡುವ ಮಾತಲ್ಲ ಅದು. ನೀನು ಎದ್ದು ನಿಂತು, ‘ಈ ಮಣ್ಣು ಬದುಕದೆ ಅಂತ ನಿನ್ ಬಾಯಲ್ಲೇ ಬರೋಗಂಟ ನಿನ್ ಒಸ್ಲು ತುಳಿಯಕ್ಕಿಲ್ಲ’ ಎಂದೆ. ಅವರು, ‘ನೀನೇ ಬಂದು ಕರೆಯೋಗಂಟ ನಿನ್ ತಂಗಿನ ಕಳಿಸಕ್ಕಿಲ್ಲ’ ಎಂದರು. ನಾಲ್ಕು ಜನರ ಮುಂದೆ ಆಡಿದ ಮಾತು, ಇಬ್ಬರೂ ಬಿಡಲಿಲ್ಲ. ಮಗ ತುಳಿಯದ ಹೊಸಲನ್ನು ತಾನು ಹೇಗೆ ತುಳಿಯುವುದು ಎಂದು ಅವ್ವನೂ ಕೂತಳು. ಮೂರು ವರ್ಷವಾಯಿತು ಅವಳ ಮುಖ ನೋಡಿ.

ಅಯ್ಯನವರ ಕೈಯಲ್ಲಿ ಒಂದು ಬಟ್ಟೆಗಂಟು ಕಳಿಸಿದ್ದೇನೆ. ಅದರಲ್ಲಿ ನಮ್ಮ ಹಿತ್ತಲಿನ ಎರೆಮಣ್ಣಿದೆ. ನಾನು ದಿನಾ ತುಳಿಯುವ ನೆಲ ಹೇಗಿದೆ ಎಂದು ಅವ್ವ ಕೈಯಲ್ಲಿ ಹಿಡಿದು ನೋಡಲಿ.

ಅವ್ವ ಹೇಗಿದ್ದಾಳೆ? ಬೇರೇನೂ ಬರೆಯದಿದ್ದರೂ ಅದೊಂದನ್ನು ಬರೆ.

ಮಂಗಳಿ


ಕಳಲೆ, ೧೯೦೬ ಮೇ ೩೦

ಚಿ. ಸೌ. ಮಂಗಳಮ್ಮನಿಗೆ,

ಕಾಗದ ತಲುಪಿತು. ಐದು ಸಲ ಓದಿದ್ದೇನೆಂದು ಬರೆಯಿರಿ ಎಂದು ನಿನ್ನ ಅತ್ತಿಗೆ ವಿಶಾಲಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ. ಎರಡೇ ಸಲ ಓದಿದ್ದು.

ಮಡಿಗಳ ವಿಷಯ ನಿಜ. ಒಂದೊಂದರಲ್ಲಿ ನಲವತ್ತು ಸಸಿ. ಒಂದಕ್ಕೆ ತಿಪ್ಪೆ ಗೊಬ್ಬರ, ಒಂದಕ್ಕೆ ಕೆರೆಯಿಂದ ತೆಗೆದ ಗೋಡು ಮಣ್ಣು, ಒಂದರಲ್ಲಿ ಕುರಿಮಂದೆ ನಿಲ್ಲಿಸಿದ್ದೆ, ಒಂದಕ್ಕೆ ಹೊಂಗೆಸೊಪ್ಪು ತುಳಿಸಿದ್ದೇನೆ. ಹೀಗೇ ಆರು. ಏಳನೆಯದಕ್ಕೆ ಏನೂ ಹಾಕಿಲ್ಲ, ಉಳಿದವನ್ನು ಅದರ ಜೊತೆ ಹೋಲಿಸಬೇಕಲ್ಲ. ಎಂಟನೆಯದನ್ನು ಅವ್ವ ಕಿತ್ತುಕೊಂಡಳು. ‘ಈ ಮಡಿಗೆ ನೀನು ಕಾಲಿಡಬ್ಯಾಡ, ನಂದು ನಾನ್ ಮಾಡ್ಕತ್ತೀನಿ’ ಎಂದಳು. ಅದು ಈಗ ಊರಿಗೆಲ್ಲ ಅವ್ವನ ಮಡಿ.

ಬದನೆ ಬೆಳೆದು ಬೆಳೆದು ಈ ನೆಲ ಸೊರಗಿದೆ. ಚೆನ್ನಾಗಿದ್ದ ಗಿಡ ಹೂ ಬಿಡುವ ಹೊತ್ತಿಗೆ ಒಂದೇ ಮಧ್ಯಾಹ್ನದಲ್ಲಿ ಬಾಡಿ ನಿಲ್ಲುತ್ತದೆ, ಕಿತ್ತರೆ ಬೇರು ಕಂದು. ನಿನ್ನ ಗಂಡ ಆಡಿದ ಮಾತು ಸುಳ್ಳಲ್ಲ. ಆಡಿದ ಜಾಗ ತಪ್ಪು.

ಒಂದು ವಿಷಯ ಬೇಕಾಗಿತ್ತು. ಒಂದು ಮಡಿಗೆ ಅಪ್ಪಸೆಣಬಿನ ಬೀಜ ಚೆಲ್ಲಿದ್ದೇನೆ. ಅದನ್ನು ಎಷ್ಟು ದಿನಕ್ಕೆ ಉತ್ತು ಮಣ್ಣಿಗೆ ಸೇರಿಸುತ್ತಾರೆ ನಿಮ್ಮ ಕಡೆ? ನಿನಗೆ ಗೊತ್ತಿದ್ದರೆ ಬರೆ. ಯಾರನ್ನೂ ಕೇಳಬೇಕಾಗಿಲ್ಲ.

ಅವ್ವ ಚೆನ್ನಾಗಿದ್ದಾಳೆ. ಮಣ್ಣಿನ ಗಂಟು ಬಿಚ್ಚಿ ತುಂಬ ಹೊತ್ತು ಮೂಸಿದಳು.

ಪುಟ್ಟಬಸವಯ್ಯ


ಮೂಗೂರು, ೧೯೦೬ ಜುಲೈ ೨

ಅಣ್ಣನಿಗೆ,

ದಿನ ಎಣಿಸಬೇಡ, ಗಿಡ ನೋಡು. ಒಂದೆರಡು ಹಳದಿ ಹೂ ಕಂಡ ಕೂಡಲೇ ಉಳಬೇಕು. ದಂಟನ್ನು ಬೆರಳಿಗೆ ಸುತ್ತಿ ಮುರಿ. ಪಟ್ಟನೆ ಮುರಿದರೆ ಸರಿ, ನಾರು ಎಳೆದರೆ ಹೊತ್ತು ಮೀರಿದೆ. ಉತ್ತ ಮೇಲೆ ಎರಡು ಹದ ಮಳೆ ಆಗುವವರೆಗೆ ಸಸಿ ನೆಡಬೇಡ, ಒಳಗೆ ಕಾವಿರುತ್ತದೆ. ಕೆರೆ ಗೋಡನ್ನು ಹಸಿಯಾಗಿ ಹಾಕಿದ್ದರೆ ಅದೂ ತಪ್ಪು, ಒಂದು ಬೇಸಿಗೆ ಬಿಸಿಲು ತಿನ್ನಬೇಕು.

ನನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬೇಡ. ಗೊತ್ತಿದೆ.

ಅವ್ವ ಮಣ್ಣು ಮೂಸಿದಳು ಎಂದು ಓದಿ ಒಲೆ ಮುಂದೆ ಕೂತು ಅತ್ತೆ. ಹೊಗೆ ಎಂದೆ ಅತ್ತೆಯವರಿಗೆ. ಅವ್ವ ಹಿಂದೆಯೂ ಹಾಗೇ ಅಲ್ಲವೇ, ಕಣ್ಣಿಗೆ ಕಂಡದ್ದನ್ನೂ ಮೂಗಿನಿಂದ ನೋಡುವವಳು. ನನ್ನ ತಲೆಯನ್ನೂ ಹಾಗೇ ಮೂಸುತ್ತಿದ್ದಳು, ‘ಇವತ್ತು ಎಲ್ಲಿ ಅಲೆದೆ ಮಗ’ ಎಂದು. ನನಗೀಗ ಮೂವತ್ತಾಯಿತು. ಈ ಊರಲ್ಲಿ ನನ್ನ ತಲೆ ಮೂಸುವವರು ಯಾರೂ ಇಲ್ಲ.

ಮಂಗಳಿ


ಕಳಲೆ, ೧೯೦೬ ಡಿಸೆಂಬರ್ ೯

ಮಂಗಳಮ್ಮನಿಗೆ,

ಮಡಿಗಳ ಫಲವೇನೆಂದು ನೀನು ಕೇಳಿದ್ದೆ. ಏನೂ ಹಾಕದ ಮಡಿಯಲ್ಲಿ ನಲವತ್ತಕ್ಕೆ ಮೂವತ್ತೊಂದು ಗಿಡ ಬಾಡಿದವು. ತಿಪ್ಪೆ ಗೊಬ್ಬರದ್ದು ಅದಕ್ಕಿಂತ ಅಷ್ಟೇನೂ ಮೇಲಲ್ಲ. ಕುರಿಮಂದೆಯ ಮಡಿಯಲ್ಲಿ ಎಲೆ ಮೊರದಗಲ, ಕಾಯಿ ಮಾತ್ರ ಇಲ್ಲ. ಅಪ್ಪಸೆಣಬು ನೀನು ಹೇಳಿದ ಹಾಗೇ ಉತ್ತೆ, ಹದಿನಾಲ್ಕು ಬಾಡಿದವು, ಪರವಾಗಿಲ್ಲ. ಅವ್ವನ ಮಡಿಯಲ್ಲಿ ಹೋದದ್ದು ಆರು.

ಅವಳು ಮಾಡುವುದು ಇಷ್ಟೆ. ಬದುವಿನ ಪಕ್ಕ ಒಂದು ಗುಂಡಿ. ಅದರಲ್ಲಿ ಸೊಪ್ಪು, ಸಗಣಿ, ಬೂದಿ, ಒಣಗಿದ ಗೋಡು, ಮೇಲೆ ಹೊಲದ ಮಣ್ಣು. ಹಾಲಿಗೆ ಹೆಪ್ಪು ಹಾಕುವಂತೆ ಒಂದು ಹಿಡಿ ಬೇರೆ ಮಣ್ಣು. ಹನ್ನೊಂದನೆಯ ದಿನ ತಿರುವಿ ಹಾಕುವುದು, ಇಪ್ಪತ್ತೊಂದಕ್ಕೆ ಮತ್ತೆ. ಆಮೇಲೆ ಮಡಿಗೆ. ಇದನ್ನು ಅವಳು ಮಣ್ಣು ಮಾಡುವುದು ಎನ್ನುತ್ತಾಳೆ. ಕೇಳಿದವರು ಬೆಚ್ಚಿಬೀಳುತ್ತಾರೆ, ನಮ್ಮಲ್ಲಿ ಹೆಣ ಹೂಳುವುದಕ್ಕೆ ತಾನೆ ಆ ಮಾತು. ವಿಶಾಲಮ್ಮ ಬೇಡವೆಂದರೆ, ‘ಮಣ್ಣಿಗ್ ಓಗೋದೂ ಮಣ್ಣಾಗದೂ ಒಂದೇ ಕಣವ್ವ’ ಎಂದು ನಗುತ್ತಾಳೆ.

ಹೆಪ್ಪಿನ ಮಣ್ಣು ಎಲ್ಲಿಯದೆಂದು ಅವಳು ಹೇಳುವುದಿಲ್ಲ. ಒಂದು ಗುದ್ದಲಿ ಮಣ್ಣೆತ್ತಿ ಎರೆಹುಳವನ್ನು ಬೆರಳಲ್ಲೇ ಎಣಿಸುತ್ತಾಳೆ. ನನ್ನ ಮಡಿಗಳಲ್ಲಿ ಒಂದೋ ಎರಡೋ, ಅವಳದರಲ್ಲಿ ಹನ್ನೊಂದು.

ಒಂದು ಮಡಿ ಗೆದ್ದರೆ ಹೊಲ ಗೆದ್ದ ಹಾಗಲ್ಲ. ಇನ್ನೊಂದು ವರ್ಷ ಬೇಕು. ಅವ್ವ ಚೆನ್ನಾಗಿದ್ದಾಳೆ.

ಪುಟ್ಟಬಸವಯ್ಯ


ಮೂಗೂರು, ೧೯೦೭ ಮೇ ೨೦

ಅಣ್ಣನಿಗೆ,

ಐದು ತಿಂಗಳಾಯಿತು, ಒಂದು ಕಾರ್ಡೂ ಇಲ್ಲ. ನಾನು ಬರೆದ ಮೂರು ಕಾಗದ ತಲುಪಿಲ್ಲವೇ, ಇಲ್ಲ ತಲುಪಿಯೂ ಸುಮ್ಮನಿದ್ದೀಯಾ?

ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ. ಬದನೆಯ ವಿಷಯ ಪುಟಗಟ್ಟಲೆ ಇದೆ. ಅವ್ವನ ವಿಷಯಕ್ಕೆ ಬಂದರೆ ‘ಚೆನ್ನಾಗಿದ್ದಾಳೆ’, ಎರಡರಲ್ಲೂ ಅದೇ ಮಾತು. ಗಿಡ ಬಾಡಿದರೆ ಬೇರಿನ ಬಣ್ಣ ಬರೆಯುವವನು ಅವ್ವನ ಬಗ್ಗೆ ಒಂದೇ ಮಾತು ಬರೆದರೆ ನನಗೆ ಭಯವಾಗುತ್ತದೆ.

ನಿನ್ನೆ ಅತ್ತೆಯವರ ಹತ್ತಿರ ಬಾಯಿಬಿಟ್ಟು ಕೇಳಿದೆ, ಒಂದು ದಿನ ಹೋಗಿ ನೋಡಿ ಬರಲೇ ಎಂದು. ಅತ್ತೆ ಚನ್ನಾಜಮ್ಮನವರು ಕೆಟ್ಟವರಲ್ಲ, ಹಳೆಯ ಕಾಲದವರು. ‘ಕರೀದೆ ತವರಿಗೆ ಓದ್ರೆ ನಿಂಗೂ ಮರ್ವಾದೆ ಇಲ್ಲ, ನಮ್ಗೂ ಇಲ್ಲ. ಸಾವಾದ್ರೆ ಬ್ಯಾರೆ ಮಾತು, ಆಗ ಯಾರ್ ಕರೀಬೇಕು’ ಎಂದರು. ಮನೆಯವರು ಅಲ್ಲೇ ಎತ್ತಿಗೆ ಹಗ್ಗ ಹೊಸೆಯುತ್ತಿದ್ದರು. ಹೊಸೆದ ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆದರು.

ಅಣ್ಣ, ಹೊಲ ಗೆಲ್ಲುವವರೆಗೆ ಕಾಯಬೇಡ. ನೀನು ಬಂದು ಹೊಸಲ ಆಚೆ ನಿಂತು ಕರೆದರೂ ಸಾಕು, ನಾನು ಬರುತ್ತೇನೆ.

ಮಂಗಳಿ


(ಕಾರ್ಡು)

ಕಳಲೆ, ೧೯೦೭ ಜೂನ್ ೧೨

ಮಂಗಳಮ್ಮನಿಗೆ, ನಿನ್ನೆ ಅವ್ವನ ಮಡಿ ಮಣ್ಣು ಮಾಡಿದೆವು. ಊರಿನ ನಾಲ್ಕು ಜನ ಬಂದು ಕೈಹಾಕಿದರು. ಹನ್ನೊಂದನೆಯ ದಿನ ಮುಂದಿನ ಕೆಲಸ. ನೀನೂ ಇರಬೇಕಾಗಿತ್ತು ಎಂದು ಎಲ್ಲರಿಗೂ ಅನ್ನಿಸಿತು. ಹೆಚ್ಚು ಬರೆಯಲು ಬಿಡುವಿಲ್ಲ. ಪುಟ್ಟಬಸವಯ್ಯ.


ಕಳಲೆ, ೧೯೦೭ ಜೂನ್ ೨೪

ಮಂಗಳಿ,

ನೀನು ಬಂದುಹೋದದ್ದನ್ನು ನಿನಗೇ ಬರೆಯುವುದು ತಮಾಷೆಯೇ. ಆದರೆ ನೀನು ಅವ್ವನ ತೊಡೆ ಬಿಟ್ಟು ಏಳಲಿಲ್ಲ, ನಾನು ನೋಡಿದ್ದನ್ನು ನೀನು ನೋಡಲಿಲ್ಲ.

ನಿನ್ನ ಅತ್ತೆ ಗಾಡಿಯಿಂದ ಇಳಿಯುವ ಮೊದಲೇ ಎದೆ ಬಡಿದುಕೊಂಡು, ‘ಓದ್ಯಾ ಗುರುಸಿದ್ದಮ್ಮ, ನಮ್ ಬೀಗ್ತಿ ಓದ್ಯಾ’ ಎಂದು ರಾಗ ತೆಗೆದರು. ನಾನು ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ದೆ. ಗುಂಡಿಯ ಹತ್ತಿರ ಕೂತಿದ್ದ ಅವ್ವ ತಲೆ ಎತ್ತಿ, ‘ಯಾರ್ ಸತ್ರು ಕಣ್ಲಾ, ನೋಡು’ ಎಂದಳು. ಚನ್ನಾಜಮ್ಮನವರ ರಾಗ ಅರ್ಧಕ್ಕೇ ನಿಂತಿತು. ಆಮೇಲೆ ಆ ಕಾರ್ಡನ್ನು ನನ್ನ ಮುಖಕ್ಕೆ ಹಿಡಿದರು. ‘ಮಡಿ’ ಎಂಬುದರ ಮೇಲೆ ನೀರು ಬಿದ್ದು ಮಸಿ ಕಲಸಿಹೋಗಿತ್ತು. ಉಳಿದದ್ದನ್ನು ಓದಿದರೆ ಅವ್ವನ ಮಣ್ಣು ಮಾಡಿದೆವು, ಹನ್ನೊಂದನೆಯ ದಿನ ಕೆಲಸ. ಓದಿದವರ ತಪ್ಪೇನಿದೆ? ಟಪಾಲಿನ ಚೀಲಕ್ಕೆ ಮಳೆ ಹೊಡೆದಿರಬೇಕು.

ನೀನು ಹತ್ತಿರ ಬಂದು ಕೂತಾಗ ಅವ್ವ ನಿನ್ನ ತಲೆ ಮೂಸಿ, ಮುಖವನ್ನೆಲ್ಲ ಮಣ್ಣು ಕೈಯಲ್ಲಿ ಸವರಿ, ‘ಸತ್ರೆ ಬತ್ತೀಯ ಅಂತ ಗೊತ್ತಿದ್ರೆ ಯಾವತ್ತೋ ಸಾಯ್ತಿದ್ನಲ್ಲ ಮಗ’ ಎಂದಳಲ್ಲ, ಆಗ ನಾನು ಆ ಕಡೆ ತಿರುಗಿಕೊಂಡೆ. ತಿರುಗಿದಲ್ಲಿ ನಿನ್ನ ಗಂಡ ಕಂಡ. ಹೆಣಕ್ಕೆ ಹೊದಿಸಲು ತಂದ ಹೊಸ ಸೀರೆ ಕಂಕುಳಲ್ಲೇ ಇತ್ತು. ಬಗ್ಗಿ ಅವ್ವನ ಮಡಿಯಿಂದ ಒಂದು ಹಿಡಿ ಎತ್ತಿದ, ಹಿಸುಕಿದ, ಮೂಸಿದ. ‘ಅತ್ತೇನೂ ಬದುಕವ್ಳೆ, ಇದೂ ಬದುಕದೆ’ ಎಂದ. ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ಬದುವಿನಲ್ಲಿ ಒಂದು ಅಪ್ಪಸೆಣಬಿನ ದಂಟಿತ್ತು. ಅದನ್ನು ಬೆರಳಿಗೆ ಸುತ್ತಿ ಪಟ್ಟನೆ ಮುರಿದ. ನಿನ್ನ ಕಾಗದದ ವಿದ್ಯೆ ಯಾರದೆಂದು ಆಗ ತಿಳಿಯಿತು.

ನಾನೂ ಒಂದು ಮುಚ್ಚಿಟ್ಟಿದ್ದೆ. ಹೆಪ್ಪು ಎಲ್ಲಿಯದೆಂದು ನನಗೆ ಗೊತ್ತಿತ್ತು. ನೀನು ಕಳಿಸಿದ ಗಂಟು. ಅವನ ಹಿತ್ತಲಿನ ಮಣ್ಣಿನಿಂದ ನನ್ನ ಹೊಲ ಏಳುತ್ತಿದೆ ಎಂದು ಬರೆಯಲು ಮನಸ್ಸು ಬರಲಿಲ್ಲ.

ಸಾವಿಲ್ಲದ ಮನೆಯಲ್ಲಿ ಕರೆಯದೆ ಬಂದವರು ಇರುವಂತಿಲ್ಲ ಎಂದು ಚನ್ನಾಜಮ್ಮನವರು ಮಾರನೆಯ ಬೆಳಿಗ್ಗೆಯೇ ಗಾಡಿ ಕಟ್ಟಿಸಿದರು. ಅವ್ವ ಗಾಡಿಯ ಸದ್ದು ನಿಲ್ಲುವವರೆಗೆ ಬಾಗಿಲಲ್ಲಿ ನಿಂತಿದ್ದಳು. ಮಣ್ಣು ಬದುಕಿದೆ ಎಂದು ಭಾವ ಒಪ್ಪಿಯಾಯಿತು, ಇನ್ನು ನಾನು ಬರಬೇಕು. ಈ ಸಲ ಎಂಟೂ ಮಡಿಗೆ ಅವ್ವನ ಮಣ್ಣೇ. ಕಾಯಿ ಬಂದ ಮೇಲೆ ಬುಟ್ಟಿ ತುಂಬಿಕೊಂಡು ಬಂದು ಕರೆಯುತ್ತೇನೆ. ಬರಿಗೈಯಲ್ಲಿ ಬರಲಾರೆ.

ಪುಟ್ಟಬಸವಯ್ಯ


ಮೂಗೂರು, ೧೯೦೭ ಜುಲೈ ೮

ಅಣ್ಣ,

ಅವ್ವನಿಗೆ ಕಣ್ಣು ಕಾಣುವುದಿಲ್ಲ ಎಂದು ನೀನು ಬರೆಯಲಿಲ್ಲ.

ಮಣ್ಣು ಮೂಸಿದಳು ಎಂದು ಬರೆದೆ, ಎರೆಹುಳವನ್ನು ಬೆರಳಲ್ಲಿ ಎಣಿಸಿದಳು ಎಂದು ಬರೆದೆ. ನಾನು ಅದನ್ನು ಅವಳ ಜಾಣತನ ಎಂದುಕೊಂಡು ಇಲ್ಲಿ ಕೂತು ಹೆಮ್ಮೆಪಟ್ಟೆ. ಅವಳು ನನ್ನ ಮುಖ ಸವರಿದ್ದು ಮುದ್ದಿಗಲ್ಲ, ನೋಡಲಿಕ್ಕೆ. ಹತ್ತಿರ ಹೋಗಿ ಕೂತ ಮೇಲೆ ನನಗೆ ಗೊತ್ತಾಯಿತು. ಅವಳ ಬೆರಳು ನನ್ನ ಹುಬ್ಬಿನ ಹತ್ತಿರ ನಿಂತು, ‘ಅದೇ ಗಾಯ’ ಎಂದಿತು, ಹುಣಸೆ ಮರದಿಂದ ಬಿದ್ದದ್ದು.

ನಿನ್ನನ್ನು ಬೈಯಲು ನನಗೆ ಹಕ್ಕಿಲ್ಲ, ಯಾಕೆಂದರೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡದು. ಟಪಾಲಿನ ಚೀಲಕ್ಕೆ ಮಳೆ ಹೊಡೆಯಲಿಲ್ಲ ಅಣ್ಣ. ಕಾರ್ಡು ಜಗಲಿಯ ಮೇಲೆ ಬಿದ್ದಿತ್ತು, ಯಾರೂ ನೋಡಿರಲಿಲ್ಲ. ‘ಮಡಿ’ ಎಂಬ ಎರಡಕ್ಷರ ಸ್ಪಷ್ಟವಾಗಿತ್ತು. ಓದಿದೆ, ಮತ್ತೆ ಓದಿದೆ. ಪಾತ್ರೆ ತೊಳೆದ ಕೈ ಒದ್ದೆಯಾಗಿತ್ತು. ಮಠದ ಜಗಲಿಯಲ್ಲಿ ನಾನು ಮೊದಲು ಕಲಿತದ್ದು ಒರೆಸುವುದನ್ನೇ. ಹೆಬ್ಬೆರಳಿಟ್ಟು ಒಂದು ಸಲ ಎಳೆದೆ. ಬದುಕಿದ್ದ ತಾಯಿಯನ್ನು ನನ್ನ ಕೈಯಾರೆ ಮಣ್ಣು ಮಾಡಿ, ಅತ್ತೆಯವರ ಮುಂದೆ ಹಿಡಿದೆ. ದಾರಿಯುದ್ದಕ್ಕೂ ಅವರು ಅತ್ತರು, ನನಗೆ ಅಳು ಬರಲಿಲ್ಲ. ಅವ್ವನನ್ನು ನೋಡುತ್ತೇನೆ ಎಂಬ ಆಸೆಯೊಂದೇ ಇತ್ತು. ಗಾಡಿ ನಿಧಾನ ಎನ್ನಿಸುತ್ತಿತ್ತು.

ಇದನ್ನು ಮನೆಯವರಿಗೂ ಹೇಳಿಲ್ಲ. ಒಂದು ರಾತ್ರಿ ಒಂದು ಹಗಲು ಸಿಕ್ಕಿತು, ಸಾಲಲಿಲ್ಲ.

ಬುಟ್ಟಿ ಯಾಕೆ ಅಣ್ಣ? ಯಾರು ಕೇಳಿದರು ಕಾಯಿ? ನಾಳೆಯೇ ಬಾ.

ಮಂಗಳಿ


ಕಳಲೆ, ೧೯೦೮ ಜನವರಿ ೧೯

ಮಂಗಳಿ,

ನಿನ್ನ ಜುಲೈ ಕಾಗದಕ್ಕೆ ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ. ನೀನು ಒರೆಸಿದ್ದನ್ನು ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮೂರು ದಿನ ನಗುತ್ತಲೇ ಇದ್ದಳು. ‘ನನ್ ಮಗ್ಳು ನನ್ನ ಬೆರ್ಳಲ್ಲೇ ಒರ್ಸಾಕ್ಬುಟ್ಲು’ ಎಂದು ಬಂದವರಿಗೆಲ್ಲ ಹೇಳಿದಳು.

ಕಣ್ಣಿನ ವಿಷಯ ಬರೆಯಬೇಡ ಎಂದವಳು ಅವಳೇ. ‘ಅವ್ಳು ಅಲ್ಲಿ ಕೂತು ಅತ್ರೆ ಯಾರವ್ರೆ ಸಮಾಧಾನ ಮಾಡಕ್ಕೆ’ ಎಂದಳು. ನಾನು ಅವಳ ಮಾತು ಕೇಳಿದೆ. ಈಗ ಅನ್ನಿಸುತ್ತದೆ, ಕೇಳಬಾರದಿತ್ತು.

ಈಗ ಒಳ್ಳೆಯ ಸುದ್ದಿ. ಎಂಟು ಮಡಿಯಲ್ಲಿ ಮುನ್ನೂರ ಇಪ್ಪತ್ತು ಗಿಡ, ಬಾಡಿದವು ಮೂವತ್ತೆಂಟು. ನಕ್ಕವರು ಈಗ ಗುಂಡಿ ತೋಡುತ್ತಿದ್ದಾರೆ, ಹೆಪ್ಪಿಗೆ ಒಂದು ಹಿಡಿ ಮಣ್ಣು ಕೊಡವ್ವ ಎಂದು ಅವ್ವನ ಮುಂದೆ ನಿಲ್ಲುತ್ತಾರೆ. ಬೊಗಸೆ ಬೊಗಸೆ ಕೊಡುತ್ತಾಳೆ. ಸ್ವಲ್ಪ ಕೆಮ್ಮು ಇದೆ, ಊಟ ಕಡಿಮೆ. ನೋಡು, ಈ ಸಲ ಬರೆದಿದ್ದೇನೆ.

ಫೆಬ್ರುವರಿ ಎರಡಕ್ಕೆ ಹೊರಡುತ್ತೇನೆ. ಭಾವನಿಗೆ ಎಂದು ಅವ್ವನ ಮಡಿಯ ಕಾಯಿ ಬೇರೆ ಇಟ್ಟಿದ್ದೇನೆ. ತಿಂದು ನೋಡಿ ಹೇಳಲಿ. ನೀನು ಸೀರೆ ಬಟ್ಟೆ ಕಟ್ಟಿಟ್ಟುಕೊಂಡಿರು, ಒಂದು ತಿಂಗಳಾದರೂ ಇರಬೇಕು.

ಅಣ್ಣ


(ಚೀಟಿ)

ಕಳಲೆ, ೧೯೦೮ ಜನವರಿ ೨೭, ಬೆಳಿಗ್ಗೆ

ಮಂಗಳಿ, ಕುದುರೆಯವನ ಕೈಲಿ ಕಳಿಸುತ್ತಿದ್ದೇನೆ. ಅವ್ವ ಬೆಳಗ್ಗೆ ಮಡಿಯ ಬದುವಿನ ಮೇಲೆ ಕೂತ ಹಾಗೇ ಲಿಂಗೈಕ್ಯಳಾದಳು. ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇವೆ. ಇದರಲ್ಲಿ ಒರೆಸುವ ಅಕ್ಷರ ಇಲ್ಲ ತಂಗಿ. ಕರೆಯಲು ಬರುತ್ತೇನೆಂದವನು ಬರಲಿಲ್ಲ. ನೀನೇ ಬಾ.


ಮೂಗೂರು, ೧೯೦೮ ಫೆಬ್ರುವರಿ ೧೨

ಅಣ್ಣ,

ಮನೆ ಸೇರಿದೆವು. ದಾರಿ ಅರ್ಧವಾದಾಗ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಆಗ ನಾನು ಮನೆಯವರಿಗೆ ಕಾರ್ಡಿನ ವಿಷಯ ಹೇಳಿದೆ. ಒಂದು ಸಲ ಸುಳ್ಳು ಮಾಡಿದ್ದು ನಿಜವಾಗಿ ಬಂತು, ಅವ್ವನನ್ನು ನಾನೇ ಕಳಿಸಿದ ಹಾಗೆ ಎದೆಯಲ್ಲಿ ಕೂತಿದೆ ಎಂದೆ.

ಅವರು ಹಗ್ಗ ಬಿಗಿಯುತ್ತ, ನನ್ನ ಮುಖ ನೋಡದೆ ಹೇಳಿದರು: ‘ಆ ಕಾರ್ಡ ಟಪಾಲ್ನವನು ಕೊಟ್ಟಿದ್ದು ನನ್ ಕೈಗೆ. ಓದಿ ನಾನೇ ಜಗ್ಲಿ ಮ್ಯಾಲಾಕ್ದೆ. ಮಡಿ ಅಂತ್ಲೇ ಇತ್ತು. ನೀನ್ ಒರ್ಸೋದ ಕೊಟ್ಗೆ ಬಾಗ್ಲಲ್ಲಿ ನಿಂತು ನೋಡ್ದೆ. ನನ್ ಬಾಯಲ್ಲಂತೂ ಓಗು ಅಂತ ಬರ್ನಿಲ್ಲ, ನಿನ್ ಬೆರ್ಳಾದ್ರೂ ಅಂದ್ತಲ್ಲ ಅಂತ ಗಾಡಿ ಕಟ್ದೆ.’

ಅಷ್ಟೇ. ಮತ್ತೆ ಗಾಡಿ ಹತ್ತಿದೆವು. ಮೂರು ಜನ ದೊಡ್ಡವರು ಅಣ್ಣ ನಾವು, ಮೂವರಿಗೂ ಒಂದೇ ಆಸೆ ಇತ್ತು. ಒಬ್ಬರೂ ಬಾಯಿಬಿಡಲಿಲ್ಲ. ಆ ಹೆಣದ ಸೀರೆಯನ್ನು ಅವರು ಗೊತ್ತಿದ್ದೂ ತಂದಿದ್ದರು. ಅವ್ವ ಅದನ್ನು ಏಳು ತಿಂಗಳು ಉಟ್ಟಳು ಎಂದು ಅತ್ತಿಗೆ ಹೇಳಿದಾಗ ನನಗೆ ನಗುವೂ ಬಂತು, ಅಳುವೂ ಬಂತು.

ಅವ್ವನನ್ನು ಮಡಿಯ ತಲೆಯಲ್ಲೇ ಇಟ್ಟದ್ದು ಒಳ್ಳೆಯದಾಯಿತು. ಇನ್ನು ಆ ಮಡಿಯನ್ನು ಬೀಳು ಬಿಡಲೇ ಎಂದು ಕೇಳಿದೆಯಲ್ಲ. ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಬಿಡಬೇಡ. ಜೂನಿನಲ್ಲಿ ಗುಂಡಿ ತುಂಬಿಸು. ಹೆಪ್ಪಿನ ಮಣ್ಣನ್ನು ಈ ಸಲ ಗಂಟು ಕಟ್ಟಿ ಕಳಿಸುವುದಿಲ್ಲ, ನಾನೇ ತರುತ್ತೇನೆ. ಅವರೂ ಬರುತ್ತಾರೆ. ಬದನೆಕಾಯಿ ಪಲ್ಯ ಮಾಡಿಸು ಎಂದಿದ್ದಾರೆ.

ತವರಿಗೆ ಹೋಗು ಎಂದು ಈಗ ಎಲ್ಲರೂ ಹೇಳುತ್ತಾರೆ. ತಲೆ ಮೂಸುವವರಿಲ್ಲದ ಮನೆಗೆ ಬರಲು ಕಾಲು ಏಳುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಒಂದು ಕೆಲಸ ಮಾಡು. ಮಣ್ಣು ಮಾಡುವ ದಿನ ಗೊತ್ತಾದ ಕೂಡಲೇ ಒಂದು ಕಾರ್ಡು ಹಾಕು. ‘ಅವ್ವನ ಮಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆ.

ಕೈ ಒರೆಸಿಕೊಂಡು ಓದುತ್ತೇನೆ.

ಮಂಗಳಿ